ಮಾನಸಿಕ ಆರೋಗ್ಯದ ಜಾಗೃತಿ ಕಾರ್ಯಕ್ರಮ: ಭಾಷಣ, ಜಾಥಾ ಬಿಟ್ಟು ಬೇರೇನು ಮಾಡಬಹುದು?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ನಿವಾಸಿಗಳ ಸಂಘದ ಕಡೆಯಿಂದ ಮಾನಸಿಕ ಆರೋಗ್ಯದ ಬಗ್ಗೆ ಒಂದು ಕಾರ್ಯಕ್ರಮ ಮಾಡಬೇಕಾಗಿದೆ. ಸಮಿತಿಯವರ ಲೆಕ್ಕ ಸರಳ: ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಒಬ್ಬ ಮನೋವೈದ್ಯರ ಭಾಷಣ, ಬೆಳಗ್ಗೆ ಒಂದು ಜಾಥಾ, ಗೋಡೆಗೆ ಪೋಸ್ಟರ್, ಅಲ್ಲಿಗೆ ಮುಗಿಯಿತು. ಇಂಥ ಭಾಷಣಗಳಿಗೆ ಜನ ಬರುತ್ತಾರೆ, ಕೈ ಕಟ್ಟಿಕೊಂಡು ಕೇಳುತ್ತಾರೆ, ಚಪ್ಪಾಳೆ ಹೊಡೆದು ಎದ್ದು ಹೋಗುತ್ತಾರೆ. ಮಾರನೇ ದಿನ ಯಾರದೋ ಬಗ್ಗೆ "ಅವನಿಗೆ ತಲೆ ಸರಿ ಇಲ್ಲ ಬಿಡಿ" ಅನ್ನೋ ಮಾತು ಮೊದಲಿನ ಹಾಗೇ ನಡೆಯುತ್ತದೆ.

ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ ಅಂತ ಕೇಳುತ್ತಿದ್ದೇನೆ. ಜನರ ಮನೋಭಾವ ನಿಜವಾಗಿ ಬದಲಾಗೋದು ಯಾವುದರಿಂದ? 40-50 ಜನ ಬರಬಹುದು. ಕಾರ್ಯಕ್ರಮದ ಮಧ್ಯೆ ಯಾರಾದರೂ ಕುಸಿದು ಅತ್ತರೆ ಏನು ಮಾಡಬೇಕು? ಕೊನೆಗೆ, ಇದರಿಂದ ಏನಾದರೂ ಉಪಯೋಗ ಆಯಿತಾ ಅಂತ ತಿಳಿಯೋದು ಹೇಗೆ?

---

ತಿಳಿನೀರು

ನಿಮ್ಮ ಅನುಮಾನ ಸರಿಯಾಗೇ ಇದೆ. ಮಾನಸಿಕ ಕಾಯಿಲೆಗೆ ಅಂಟಿದ ಕಳಂಕ ಕಡಿಮೆ ಮಾಡುವ ಪ್ರಯತ್ನಗಳ ಬಗ್ಗೆ 2012ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಕಾರಿಗನ್ ಮತ್ತು ಜೊತೆಗಾರರು 14 ದೇಶಗಳ 72 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಾಹಿತಿ ಕೊಟ್ಟರೂ ಒಂದಿಷ್ಟು ಫಲ ಇದೆ. ಆದರೆ ವಯಸ್ಕರಲ್ಲಿ ಹೆಚ್ಚು ಕೆಲಸ ಮಾಡಿದ್ದು ನೇರ ಒಡನಾಟ, ಅಂದರೆ ಕಾಯಿಲೆ ಅನುಭವಿಸಿ ಈಗ ತಮ್ಮ ಬದುಕು ನಡೆಸುತ್ತಿರುವ ವ್ಯಕ್ತಿಯ ಜೊತೆ ಕೂತು ಮಾತಾಡೋದು. ಎದುರಾಎದುರು ಆದಷ್ಟು ಫಲ ವಿಡಿಯೋದಲ್ಲಿ ಸಿಗಲಿಲ್ಲ. ಹದಿಹರೆಯದವರಲ್ಲಿ ಮಾತ್ರ ಉಲ್ಟಾ, ಅವರಲ್ಲಿ ಪಾಠದ ರೀತಿಯೇ ಹೆಚ್ಚು ಫಲ ಕೊಟ್ಟಿತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಈ ಕಳಂಕದ ಬಗ್ಗೆ ನೇಮಿಸಿದ್ದ ಆಯೋಗದ 2022ರ ವರದಿಯೂ ಒಡನಾಟಕ್ಕೇ ಮೊದಲ ಸ್ಥಾನ ಕೊಟ್ಟಿದೆ.

ಹಾಗಾಗಿ ವೈದ್ಯರನ್ನು ಬಿಡಬೇಡಿ, ಆದರೆ ಮುಖ್ಯ ಭಾಷಣಕಾರರ ಜಾಗದಿಂದ ಇಳಿಸಿ. ಅವರು ಪ್ರಶ್ನೋತ್ತರಕ್ಕೆ ಇರಲಿ. ಮುಖ್ಯ ಮಾತು ಅನುಭವ ಇರುವವರದ್ದು.

ವ್ಯವಸ್ಥೆ ಹೀಗೆ ಮಾಡಿ. 50 ಜನರನ್ನು ಒಂದೇ ಸಭಾಂಗಣದಲ್ಲಿ ಕೂರಿಸುವ ಬದಲು 20-25ರ ಎರಡು ಗುಂಪು, ಬೇರೆ ಬೇರೆ ದಿನ. ಒಂದೊಂದು 90 ನಿಮಿಷ. ವೇದಿಕೆ, ಮೈಕು, ಹಾರ ಯಾವುದೂ ಬೇಡ. ಕುರ್ಚಿಗಳನ್ನು ವೃತ್ತಕ್ಕೆ ಹಾಕಿ. ವೇದಿಕೆ ಹತ್ತಿದ ಕೂಡಲೇ ಆ ವ್ಯಕ್ತಿ ಒಂದೋ ಪಾಪದವರಾಗುತ್ತಾರೆ, ಇಲ್ಲ ಮಹಾತ್ಮರಾಗುತ್ತಾರೆ, ಎರಡೂ ನಿಮಗೆ ಬೇಡ. ಪೂರ್ವಗ್ರಹದ ಬಗ್ಗೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಗೋರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದು ಇದನ್ನೇ: ಎರಡು ಗುಂಪು ಭೇಟಿಯಾದರೆ ಸಾಲದು, ಇಬ್ಬರೂ ಸಮಾನ ಸ್ಥಾನದಲ್ಲಿ ಇರಬೇಕು, ಇಬ್ಬರಿಗೂ ಸೇರಿ ಒಂದು ಕೆಲಸ ಇರಬೇಕು, ಆ ಊರಿನ ಹಿರಿಯರ ಒಪ್ಪಿಗೆಯೂ ಇರಬೇಕು.

ಮೊದಲ 10 ನಿಮಿಷ ಪರಿಚಯ ಮತ್ತು ನಿಯಮ (ಇಲ್ಲಿ ಕೇಳಿದ್ದು ಇಲ್ಲೇ ಇರಲಿ, ಫೋಟೋ ರೆಕಾರ್ಡಿಂಗ್ ಬೇಡ, ಯಾವಾಗ ಬೇಕಾದರೂ ಎದ್ದು ಹೋಗಬಹುದು). ನಂತರ ಅನುಭವ ಇರುವವರು 15-20 ನಿಮಿಷ ಮಾತಾಡಲಿ. ಆಮೇಲೆ ನಾಲ್ಕೈದು ಜನರ ಸಣ್ಣ ಗುಂಪುಗಳಲ್ಲಿ 25 ನಿಮಿಷ ಚರ್ಚೆ, ಒಂದೇ ಪ್ರಶ್ನೆ ಕೊಟ್ಟು: "ಪಕ್ಕದ ಮನೆಯವರು ಆಸ್ಪತ್ರೆಯಿಂದ ವಾಪಸ್ ಬಂದಿದ್ದಾರೆ. ಮೊದಲ ವಾರ ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ?" ಈ ಪ್ರಶ್ನೆಯ ಮೇಲೆ ಜನ ಜಗಳವಾಡುತ್ತಾರೆ, ಆಡಲಿ. ಉಳಿದ ಸಮಯ ಪ್ರಶ್ನೋತ್ತರಕ್ಕೆ.

ಇನ್ನು ಮಾತಾಡುವವರ ತಯಾರಿ. ಇಲ್ಲೇ ಹೆಚ್ಚಿನ ಕಾರ್ಯಕ್ರಮ ಹಳ್ಳ ಹಿಡಿಯೋದು. ಕಾಯಿಲೆಯ ಕಷ್ಟಕ್ಕೆ ಕಾಲು ಭಾಗ, ಉಳಿದ ಮುಕ್ಕಾಲು ಭಾಗ ಚಿಕಿತ್ಸೆ, ಕೆಲಸ, ಮನೆ, ಯಾರು ಹೇಗೆ ನಡೆದುಕೊಂಡಾಗ ಸುಲಭವಾಯಿತು ಅನ್ನುವುದಕ್ಕೆ ಇರಲಿ. ಬರೀ ಗೋಳು ಕೇಳಿದವರಲ್ಲಿ ಮರುಕ ಹುಟ್ಟುತ್ತದೆ, ಮರುಕದವರು ಬಾಡಿಗೆಗೆ ಮನೆ ಕೊಡುವುದಿಲ್ಲ. ಹಾಗಂತ ಕಾಯಿಲೆ ಗೆದ್ದು ಪರ್ವತ ಹತ್ತಿದವರನ್ನೂ ಕರೆತರಬೇಡಿ. "ಅವರೇನೋ ಅಸಾಧಾರಣ ವ್ಯಕ್ತಿ, ಎಲ್ಲರೂ ಹಾಗಿರ್ತಾರಾ" ಅಂತ ಜನ ಅವರನ್ನು ಅಪವಾದದ ಪಟ್ಟಿಗೆ ಸೇರಿಸಿ, ಹಳೇ ಅಭಿಪ್ರಾಯ ಭದ್ರ ಮಾಡಿಕೊಳ್ಳುತ್ತಾರೆ. ಕೇಳುವವರ ಹಾಗೇ ದಿನಾ ಕೆಲಸಕ್ಕೆ ಹೋಗಿ ಬರುವ, ಅದೇ ವಯಸ್ಸಿನ, ಅದೇ ಥರದ ಸಂಸಾರದ ವ್ಯಕ್ತಿ ಬೇಕು. ಚಾಲಕರ ಗುಂಪಿಗೆ ಚಾಲಕರೇ, ಶಿಕ್ಷಕರ ಗುಂಪಿಗೆ ಶಿಕ್ಷಕರೇ ಸಿಕ್ಕರೆ ಇನ್ನೂ ಒಳ್ಳೆಯದು.

---

ಬಿದಿರುಕೋಲು

ತಿಳಿನೀರು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಮಾತಾಡುವವರ ಪ್ರಯಾಣ ಖರ್ಚು, ಸಮಯಕ್ಕೆ ಸಂಭಾವನೆ ಮೊದಲೇ ತೆಗೆದಿಡಿ. ವೈದ್ಯರಿಗೆ ಗೌರವಧನ, ಅನುಭವಸ್ಥರಿಗೆ ಬರೀ ಥ್ಯಾಂಕ್ಸ್ ಅಂದರೆ ಸಮಾನತೆಯ ಮಾತು ಅಲ್ಲಿಗೇ ಬಿತ್ತು.

---

ಹೊಂಗೆನೆರಳು

ಬಹಳ ಉಪಯೋಗವಾಯಿತು. ಒಂದು ತೊಡಕು: ಮಾತಾಡಲು ಯಾರು ಬರುತ್ತಾರೆ? ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬರು ಯುವಕರಿದ್ದಾರೆ, ಕೇಳಿದರೆ ಒಪ್ಪಬಹುದು, ಆದರೆ ಚಿಕಿತ್ಸೆ ಶುರುವಾಗಿ ಹೆಚ್ಚು ದಿನ ಆಗಿಲ್ಲ. ಇನ್ನೊಂದು, ಪೋಸ್ಟರ್ ಮಾಡಲೇಬೇಕು ಅಂತ ಸಮಿತಿಯ ಹಟ. "ಮಾನಸಿಕ ಕಾಯಿಲೆಯೂ ಸಕ್ಕರೆ ಕಾಯಿಲೆಯ ಹಾಗೆ, ಮೆದುಳಿನ ರಾಸಾಯನಿಕ ಏರುಪೇರು" ಅಂತ ಬರೆಸಲು ಹೊರಟಿದ್ದಾರೆ. ಸರಿಯಾ?

---

ತಿಳಿನೀರು

ಆ ಯುವಕರನ್ನು ದಯವಿಟ್ಟು ಈಗ ಕೇಳಬೇಡಿ. ಒಪ್ಪುತ್ತಾರೆ ಅನ್ನುವುದೇ ಕೇಳದಿರಲು ಕಾರಣ. ಒಮ್ಮೆ ಹೊರಗೆ ಬಂದ ಮಾತು ಒಳಗೆ ಹೋಗುವುದಿಲ್ಲ. ಮದುವೆ, ಕೆಲಸ, ಬಾಡಿಗೆ ಮನೆ, ಎಲ್ಲದಕ್ಕೂ ಅದು ಹಿಂಬಾಲಿಸುತ್ತದೆ. ಹೇಳಿಕೊಳ್ಳುವುದರಲ್ಲೂ ಮೆಟ್ಟಿಲುಗಳಿವೆ: ಯಾರಿಗೂ ಹೇಳದಿರುವುದು, ಆಯ್ದ ಒಬ್ಬಿಬ್ಬರಿಗೆ ಹೇಳುವುದು, ಮುಚ್ಚಿಡದಿರುವುದು, ಸಾರ್ವಜನಿಕವಾಗಿ ಮಾತಾಡುವುದು. ಕೊನೆಯ ಮೆಟ್ಟಿಲಿಗೆ ಯಾರನ್ನೂ ನೇರ ಎತ್ತಿ ನಿಲ್ಲಿಸಬಾರದು.

ಮೊದಲ ಸಲಕ್ಕೆ ಹೊರಗಿನವರೇ ಬರಲಿ. ರೋಗಿಗಳ ಮತ್ತು ಕುಟುಂಬದವರ ಸ್ವಸಹಾಯ ಗುಂಪುಗಳು, ಪುನರ್ವಸತಿ ಕೇಂದ್ರಗಳು, ದೊಡ್ಡ ಆಸ್ಪತ್ರೆಯ ಮನೋಸಾಮಾಜಿಕ ಕಾರ್ಯಕರ್ತರು, ಈ ಮೂರು ಕಡೆ ವಿಚಾರಿಸಿ. ಈಗಾಗಲೇ ಮಾತಾಡಿ ಅಭ್ಯಾಸ ಇರುವವರು ಸಿಗುತ್ತಾರೆ. ಅವರೂ ಸಿಗದಿದ್ದರೆ ಆರೈಕೆ ಮಾಡುವ ಮನೆಯವರು ಬರಬಹುದು, ಆದರೆ ಅವರು ಯಾರ ಬಗ್ಗೆ ಮಾತಾಡುತ್ತಾರೋ ಅವರ ಒಪ್ಪಿಗೆ ಬೇಕೇ ಬೇಕು. ಸಾಧ್ಯವಾದರೆ ಇಬ್ಬರನ್ನು ಕರೆಯಿರಿ. ಬೆಳಗ್ಗೆ ಎದ್ದು ಒಬ್ಬರಿಗೆ ಇವತ್ತು ಆಗುವುದಿಲ್ಲ ಅನ್ನಿಸಿದರೆ ಯಾವ ಪ್ರಶ್ನೆಯೂ ಇಲ್ಲದೆ ಬಿಡಬಹುದು. ಹಿಂದಿನ ವಾರ ಅವರ ಜೊತೆ ಕೂತು, ಯಾವ ಪ್ರಶ್ನೆಗೆ ಉತ್ತರಿಸುವುದಿಲ್ಲ ಅಂತ ಬರೆದುಕೊಳ್ಳಿ. ಆ ಪ್ರಶ್ನೆ ಬಂದಾಗ ತಡೆಯುವ ಕೆಲಸ ನಿರೂಪಕರದ್ದು, ಅವರದ್ದಲ್ಲ. ಕಾರ್ಯಕ್ರಮದ ಮರುದಿನ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸಿ. ಎಷ್ಟೋ ಜನಕ್ಕೆ ಭಾರ ಗೊತ್ತಾಗೋದು ಆ ಸಂಜೆ ಮನೆಗೆ ಹೋದ ಮೇಲೆ.

---

ಅಳತೆಗೋಲು

ಪೋಸ್ಟರಿನ ವಾಕ್ಯ ಬದಲಿಸಿ. "ಇದೂ ಬೇರೆ ಕಾಯಿಲೆಗಳ ಹಾಗೇ, ಮೆದುಳಿನ ತೊಂದರೆ" ಅನ್ನುವ ಪ್ರಚಾರ ಅಮೆರಿಕದಲ್ಲಿ ವರ್ಷಗಟ್ಟಲೆ ನಡೆಯಿತು. 1996 ಮತ್ತು 2006ರ ಸಮೀಕ್ಷೆಗಳನ್ನು ಹೋಲಿಸಿ ಸಮಾಜಶಾಸ್ತ್ರಜ್ಞೆ ಬರ್ನಿಸ್ ಪೆಸ್ಕೊಸೊಲಿಡೊ ಅವರ ತಂಡ 2010ರಲ್ಲಿ ಪ್ರಕಟಿಸಿದ್ದೇನೆಂದರೆ, ಜೈವಿಕ ಕಾರಣ ಒಪ್ಪುವವರು ಹೆಚ್ಚಾದರು, ಚಿಕಿತ್ಸೆ ಪಡೆಯಬೇಕು ಅನ್ನುವವರೂ ಹೆಚ್ಚಾದರು, ಆದರೆ ಅಂಥವರ ಪಕ್ಕದ ಮನೆಯಲ್ಲಿ ಇರಲು, ಜೊತೆಗೆ ಕೆಲಸ ಮಾಡಲು ಹಿಂಜರಿಕೆ ಕಡಿಮೆಯಾಗಲಿಲ್ಲ. ಇದರ ಹಿಂದಿನ ತರ್ಕ ಊಹಿಸುವುದು ಕಷ್ಟವಲ್ಲ. "ಅವನ ತಪ್ಪಲ್ಲ" ಅನ್ನುವುದರ ಬೆನ್ನಿಗೇ "ಮೆದುಳೇ ಹಾಗಿದೆ, ಇನ್ನು ಸರಿಹೋಗಲ್ಲ, ಯಾವಾಗ ಏನು ಮಾಡ್ತಾನೋ" ಅನ್ನುವುದು ಬರುತ್ತದೆ. ತಪ್ಪು ಹೊರಿಸುವುದು ತಗ್ಗಿತು, ದೂರ ಇಡುವುದು ಉಳಿಯಿತು. ಹೋಗಲಿ, "ರಾಸಾಯನಿಕ ಏರುಪೇರು" ಅನ್ನುವುದು ವಿಜ್ಞಾನದ ದೃಷ್ಟಿಯಿಂದಲೂ ತೀರಾ ಸರಳೀಕರಣ. ಅನುವಂಶೀಯತೆ, ಬಾಲ್ಯದ ಆಘಾತ, ಸಾಲ, ಒಂಟಿತನ, ನಿದ್ದೆಗೇಡು, ಎಲ್ಲ ಸೇರಿ ಆಗುವಂಥದ್ದು.

ಇದರ ಬದಲು ಚೇತರಿಕೆಯನ್ನೂ ನಡವಳಿಕೆಯನ್ನೂ ಬರೆಯಿರಿ. "ಖಿನ್ನತೆಗೆ ಚಿಕಿತ್ಸೆ ಇದೆ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ ಅನ್ನಿಸಿದರೆ ವೈದ್ಯರಿಗೆ ಹೇಳಿ" ಅಂತ. ಕೆಳಗೆ ಸಹಾಯವಾಣಿಯ ನಂಬರ್ ಇರಲಿ. ತಲೆ ಹಿಡಿದು ಮೂಲೆಯಲ್ಲಿ ಕೂತ ಕಪ್ಪು ಬಿಳುಪಿನ ಚಿತ್ರ ಮಾತ್ರ ಹಾಕಬೇಡಿ, ಅದನ್ನು ನೋಡಿ ನೋಡಿ ಎಲ್ಲರಿಗೂ ಸಾಕಾಗಿದೆ. "ಮಿಥ್ಯೆ / ಸತ್ಯ" ಪೋಸ್ಟರುಗಳೂ ಬೇಡ. ದೂರದಿಂದ ನೋಡುವವರ ಕಣ್ಣಿಗೆ ಬೀಳುವುದು ದಪ್ಪಕ್ಷರದ ಮಿಥ್ಯೆಯೇ.

ಅಂಕಿಅಂಶ ಬೇಕೆಂದರೆ ಒಂದೇ ಸಾಕು: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಪ್ರಪಂಚದ ಎಂಟು ಜನರಲ್ಲಿ ಒಬ್ಬರು ಯಾವುದಾದರೂ ಮಾನಸಿಕ ತೊಂದರೆಯಲ್ಲಿದ್ದರು. 25 ಜನರ ಗುಂಪಿನಲ್ಲಿ ಅಂದಾಜು ಮೂವರು. ಇದನ್ನು ಹೇಳಿದ ಮೇಲೆ ಸುತ್ತ ಕಣ್ಣಾಡಿಸಬೇಡಿ, ಅಷ್ಟೆ. ಕೆಲವರಿಗೆ ಅದೊಂದು ಚಟ.

---

ಸಂಜೆಮಲ್ಲಿಗೆ

ಕುಸಿದು ಅತ್ತರೆ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಆಪ್ತಸಮಾಲೋಚನೆಯ ಕಡೆಯಿಂದ ಹೇಳುತ್ತೇನೆ.

ಮೊದಲು ಕೋಣೆ. ಪಕ್ಕದಲ್ಲಿ ಬಾಗಿಲು ಹಾಕಬಹುದಾದ ಒಂದು ಚಿಕ್ಕ ಕೋಣೆ, ಎರಡು ಕುರ್ಚಿ, ನೀರು. ಅಲ್ಲಿ ಮತ್ತು ಸಭೆಯ ಬಾಗಿಲ ಹತ್ತಿರ ತರಬೇತಿ ಇರುವ ಒಬ್ಬೊಬ್ಬರು. ಯಾರಾದರೂ ಎದ್ದು ಹೋದರೆ ಬಾಗಿಲಲ್ಲಿರುವವರು ಒಂದೆರಡು ನಿಮಿಷ ಬಿಟ್ಟು ಹಿಂದೆ ಹೋಗಿ "ಜೊತೆಗೆ ಸ್ವಲ್ಪ ಹೊತ್ತು ಕೂರಲಾ?" ಅಂತ ಕೇಳಲಿ. ಬೇಡ ಅಂದರೆ, ಎಲ್ಲಿರುತ್ತೇನೆ ಅಂತ ಹೇಳಿ ಬರಲಿ. ಸಭೆಯ ಮಧ್ಯೆ ಅತ್ತರೆ ನಿರೂಪಕರು ಗಾಬರಿಯಾಗಿ ವಿಷಯ ಬದಲಿಸಬಾರದು. ಅಳು ಅಪಾಯ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರೇ ಹೆಜ್ಜೆ: ನೋಡು, ಕೇಳು, ಜೋಡಿಸು (ಅಂದರೆ ಸಹಾಯ ಸಿಗುವ ಕಡೆಗೆ ಸೇರಿಸು). ಹೆಚ್ಚಿನ ಸ್ವಯಂಸೇವಕರು ಎರಡನೆಯದರಲ್ಲಿ ಎಡವುತ್ತಾರೆ. "ಧೈರ್ಯವಾಗಿರಿ", "ನಿಮಗಿಂತ ಕಷ್ಟದಲ್ಲಿ ಇರುವವರು ಎಷ್ಟು ಜನ ಇದ್ದಾರೆ", "ಮನಸ್ಸು ಗಟ್ಟಿ ಮಾಡ್ಕೊಳ್ಳಿ": ಈ ಮೂರು ಮಾತು ಬಂದ ಕೂಡಲೇ ಎದುರಿನವರ ಬಾಯಿ ಕಟ್ಟುತ್ತದೆ. "ಎಷ್ಟು ದಿನದಿಂದ ಹೀಗಿದೆ?", "ಈಗ ಯಾವುದು ಜಾಸ್ತಿ ಕಷ್ಟ ಆಗ್ತಿದೆ?" ಅಂತ ಕೇಳಿ, ಸುಮ್ಮನಿರಿ. ಆ ಮೌನ ಹತ್ತಿಪ್ಪತ್ತು ಸೆಕೆಂಡ್ ಆದರೂ ಪರವಾಗಿಲ್ಲ.

"ನಾನಿದ್ದು ಏನು ಪ್ರಯೋಜನ", "ಎಲ್ಲರಿಗೂ ಭಾರ ಆಗಿದೀನಿ" ಅನ್ನುವ ಮಾತು ಕೇಳಿದರೆ ನೇರ ಕೇಳಬೇಕು. ಸುತ್ತಿ ಬಳಸಿ "ಏನೂ ಕೆಟ್ಟ ಯೋಚನೆ ಇಲ್ಲ ತಾನೆ?" ಅಂದರೆ ಇಲ್ಲ ಅನ್ನುವ ಉತ್ತರವನ್ನು ನೀವೇ ಬೇಡಿದ ಹಾಗೆ. ಹೀಗೆ ಕೇಳಿ: "ಇಷ್ಟು ಕಷ್ಟ ಆದಾಗ ಕೆಲವರಿಗೆ ಸಾಯಬೇಕು ಅನ್ನಿಸುತ್ತೆ. ನಿಮಗೂ ಆತ್ಮಹತ್ಯೆಯ ಯೋಚನೆ ಬರ್ತಿದೆಯಾ?" ಕೇಳಿದರೆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವ ಹೆದರಿಕೆಗೆ ಆಧಾರವಿಲ್ಲ, ಅಧ್ಯಯನಗಳು ಹಾಗೆ ಕಂಡುಕೊಂಡಿಲ್ಲ. ಹೌದು ಅಂದರೆ ಮುಂದಿನ ಪ್ರಶ್ನೆ: ಹೇಗೆ, ಯಾವಾಗ ಅಂತ ಯೋಚಿಸಿದ್ದೀರಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ? ಹಿಂದೆ ಪ್ರಯತ್ನ ಮಾಡಿದ್ದುಂಟಾ? ಯೋಜನೆ ಇದ್ದರೆ ಒಬ್ಬರೇ ಬಿಡಬೇಡಿ, ಶೌಚಾಲಯಕ್ಕೆ ಹೋದರೂ ಹೊರಗೆ ಒಬ್ಬರು ನಿಲ್ಲಲಿ. ಅವರೇ ಹೇಳಿದ ನಂಬಿಕೆಯ ವ್ಯಕ್ತಿಗೆ ಫೋನ್ ಮಾಡಿ, ಮನೆಯಲ್ಲಿ ಅಪಾಯದ ವಸ್ತು ಕೈಗೆಟುಕದಂತೆ ಮಾಡಲು ಹೇಳಿ, ಅದೇ ದಿನ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಯೋಜನೆ ಇಲ್ಲ, ಯೋಚನೆ ಮಾತ್ರ ಅಂದರೂ ಒಂದೆರಡು ದಿನದೊಳಗೆ ವೈದ್ಯರನ್ನು ಕಾಣುವ ವ್ಯವಸ್ಥೆ ಮಾಡಿ, ಮರುದಿನ ಫೋನ್ ಮಾಡಿ.

ಗುಟ್ಟು ಕಾಪಾಡುತ್ತೇನೆ ಅಂತ ಆಣೆ ಇಡಬೇಡಿ. "ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಇನ್ನೊಬ್ಬರಿಗೆ ಹೇಳಬೇಕಾಗುತ್ತೆ, ಯಾರಿಗೆ ಅಂತ ನಿಮ್ಮನ್ನೇ ಕೇಳಿ ಹೇಳ್ತೀನಿ" ಅಂತ ಮೊದಲೇ ಹೇಳಿದರೆ ಆಮೇಲೆ ದ್ರೋಹ ಅನ್ನಿಸುವುದಿಲ್ಲ.

ಇನ್ನು ಸಹಾಯದ ಪಟ್ಟಿ. ಒಂದು ಹಾಳೆ ಸಾಕು: ಸಹಾಯವಾಣಿ, ಹತ್ತಿರದ ಮನೋವೈದ್ಯಕೀಯ ಹೊರರೋಗಿ ವಿಭಾಗ, ಆಪ್ತಸಮಾಲೋಚಕರು, ರಾತ್ರಿಯ ತುರ್ತು ಜಾಗ. ಪ್ರತಿಯೊಂದಕ್ಕೂ ದಿನ, ಸಮಯ, ಶುಲ್ಕ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅಂತ ಬರೆಯಿರಿ. ಹಂಚುವ ಹಿಂದಿನ ವಾರ ಎಲ್ಲ ನಂಬರಿಗೂ ನೀವೇ ಫೋನ್ ಮಾಡಿ ನೋಡಿ. ಕಷ್ಟಪಟ್ಟು ಧೈರ್ಯ ಮಾಡಿದವರಿಗೆ "ಈ ಸಂಖ್ಯೆ ಚಾಲ್ತಿಯಲ್ಲಿಲ್ಲ" ಅಂತ ಕೇಳಿಸಿದರೆ ಅವರು ಎರಡನೇ ನಂಬರಿಗೆ ಹೋಗುವುದಿಲ್ಲ. ಹಾಳೆಯನ್ನು ಎಲ್ಲರ ಕೈಗೂ ಕೊಡಿ. ಮೇಜಿನ ಮೇಲಿಟ್ಟು "ಬೇಕಾದವರು ತಗೊಳ್ಳಿ" ಅಂದರೆ ಯಾರೂ ಎಲ್ಲರೆದುರು ಕೈ ಚಾಚುವುದಿಲ್ಲ.

---

ಬಿದಿರುಕೋಲು

ಪ್ರಶ್ನೋತ್ತರದಲ್ಲಿ ಖಂಡಿತ ಬರುವ ಎರಡು ಪ್ರಶ್ನೆಗೆ ವೈದ್ಯರೂ ನಿರೂಪಕರೂ ಮೊದಲೇ ತಯಾರಾಗಿರಲಿ.

"ಮಾತ್ರೆ ಚಟ ಹಿಡಿಯುತ್ತಾ?" ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಖಿನ್ನತೆಗೆ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ, ಆದರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಸಿಡುಕು, ನಿದ್ದೆ ಕೆಡುವುದು ಆಗಬಹುದು. ಅದಕ್ಕೇ ನಿಧಾನ ಇಳಿಸುವುದು. ಆತಂಕಕ್ಕೂ ನಿದ್ದೆಗೂ ಕೊಡುವ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳು ಹೆಚ್ಚು ದಿನ ತೆಗೆದುಕೊಂಡರೆ ಅವಲಂಬನೆ ತರುತ್ತವೆ, ಆದ್ದರಿಂದ ಕಡಿಮೆ ಅವಧಿಗೆ ಮಾತ್ರ. ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಕಾಣಲು ಆರೆಂಟು ವಾರ ಬೇಕು. ಆದರೆ ವಾಕರಿಕೆ, ತಲೆನೋವು ಮೊದಲ ವಾರವೇ ಬರುತ್ತವೆ. ಜನ ಬಿಡುವುದು ಆ ಮಧ್ಯದ ಸಮಯದಲ್ಲಿ, ಬಿಟ್ಟು "ಏನೂ ಪ್ರಯೋಜನ ಇಲ್ಲ" ಅನ್ನುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು ಅನ್ನುವುದನ್ನೂ ಹೇಳಿ.

"ಅವರು ಹೊಡೆಯಲ್ವಾ?" ಯಾರೂ ಹೊಡೆಯಲ್ಲ ಅಂದರೆ ಸಭೆಯಲ್ಲಿ ಯಾರೋ ಒಬ್ಬರಿಗೆ ಒಂದು ಘಟನೆ ನೆನಪಿರುತ್ತದೆ, ನಿಮ್ಮ ಉಳಿದ ಮಾತೂ ನೆಲಕಚ್ಚುತ್ತದೆ. ಹೆಚ್ಚಿನವರು ಹಿಂಸೆ ಮಾಡುವುದಿಲ್ಲ, ಹಿಂಸೆಗೆ ಒಳಗಾಗುವುದೇ ಹೆಚ್ಚು. ಚಿಕಿತ್ಸೆ ಇಲ್ಲದ ತೀವ್ರ ಸ್ಥಿತಿಯ ಜೊತೆ ಕುಡಿತ ಅಥವಾ ಮಾದಕ ವಸ್ತು ಸೇರಿದಾಗ ಅಪಾಯ ಏರುತ್ತದೆ. ಇಷ್ಟು ಪ್ರಾಮಾಣಿಕವಾಗಿ ಹೇಳಿದರೆ ಜನ ನಂಬುತ್ತಾರೆ.

ಧಾರ್ಮಿಕ ಮುಖಂಡರು, ಮನೆಮದ್ದು ಕೊಡುವವರನ್ನು ಸಭೆಯಲ್ಲಿ ಹಳಿಯಬೇಡಿ. ತೊಂದರೆ ಬಂದಾಗ ಜನ ಮೊದಲು ಹೋಗುವುದೇ ಅವರ ಹತ್ತಿರ. ಮುಂಚಿತವಾಗಿ ಭೇಟಿ ಮಾಡಿ ಎರಡೇ ಕೋರಿಕೆ ಇಡಿ: ಮಾತ್ರೆ ನಿಲ್ಲಿಸಿ ಅನ್ನಬೇಡಿ, ಕಟ್ಟಿ ಹಾಕುವುದು, ಉಪವಾಸ ಕೆಡವುವುದು ಬೇಡ. ಪ್ರಾರ್ಥನೆಗೆ ಅಡ್ಡಿ ಇಲ್ಲ. ಒಪ್ಪಿದವರನ್ನು ವೃತ್ತದಲ್ಲಿ ಕೂರಿಸಿ.

---

ಹೊಂಗೆನೆರಳು

ಸಮಿತಿಗೆ ಇದನ್ನೆಲ್ಲ ಮುದ್ರಿಸಿಯೇ ಕೊಡುತ್ತೇನೆ. ಜಾಥಾ ಬಿಟ್ಟುಬಿಡಬಹುದಾ? ಫಲ ಅಳೆಯುವುದರ ಬಗ್ಗೆ ಅಳತೆಗೋಲು ಅವರೇ ಹೇಳಬೇಕು.

---

ಅಳತೆಗೋಲು

ಜಾಥಾ ಮಾಡಿ, ಬೇಡ ಅಂದರೆ ಸಮಿತಿಗೆ ಬೇಜಾರು. ಆದರೆ ದುಡ್ಡು ಅದಕ್ಕೆ ಸುರಿಯಬೇಡಿ, ಮತ್ತು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಇದೇ ಕಳಂಕದ ವಿರುದ್ಧ ಇಂಗ್ಲೆಂಡಿನಲ್ಲಿ ಟೈಮ್ ಟು ಚೇಂಜ್ ಅನ್ನುವ ಅಭಿಯಾನ 2007ರಿಂದ 2021ರವರೆಗೆ ನಡೆಯಿತು. ಅಷ್ಟು ವರ್ಷದ ಕೆಲಸಕ್ಕೂ ಬದಲಾವಣೆ ಕಂಡದ್ದು ಸ್ವಲ್ಪ ಸ್ವಲ್ಪವಾಗಿ. ನಿಮಗೆ ಕನಿಷ್ಠ ಮೂರು ಭೇಟಿ ಬೇಕು, ಎರಡು ತಿಂಗಳಿಗೊಂದರಂತೆ, ಆದಷ್ಟೂ ಅದೇ ಜನ.

ಅಳೆಯುವುದು ಹೀಗೆ. ಎಷ್ಟು ಜನ ಬಂದರು ಅನ್ನುವುದು ಅಳತೆಯಲ್ಲ. "ಕಾರ್ಯಕ್ರಮ ಹೇಗಿತ್ತು?" ಅಂತಲೂ ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. ಖಿನ್ನತೆಯ ಲಕ್ಷಣ ಬರೆಯಿರಿ ಅನ್ನುವ ಪರೀಕ್ಷೆಯೂ ಬೇಡ. ಲಕ್ಷಣ ಬಾಯಿಪಾಠ ಇದ್ದವರೂ ಮನೆ ಬಾಡಿಗೆಗೆ ಕೊಡದೆ ಇರಬಹುದು. ಜನ ಹೇಗೆ ನಡೆದುಕೊಳ್ಳುತ್ತಾರೆ, ಮುಂದೆ ಹೇಗೆ ನಡೆದುಕೊಳ್ಳಲು ಸಿದ್ಧ ಅಂತ ಅಳೆಯುವ ರಿಬ್ಸ್ (RIBS) ಅನ್ನುವ 2011ರ ಪ್ರಶ್ನಾವಳಿಯಲ್ಲಿ ಎಂಟು ಪ್ರಶ್ನೆಗಳಿವೆ. ಮೊದಲ ನಾಲ್ಕು, ಮಾನಸಿಕ ತೊಂದರೆ ಇರುವವರ ಜೊತೆ ಈಗ ಅಥವಾ ಹಿಂದೆ ಒಡನಾಟ ಇತ್ತಾ ಅಂತ. ನಿಮಗೆ ಮುಖ್ಯ ಉಳಿದ ನಾಲ್ಕು. ಮುಂದೆ ಅಂಥವರ ಜೊತೆ ಒಂದೇ ಮನೆಯಲ್ಲಿ ಇರಲು, ಜೊತೆಗೆ ಕೆಲಸ ಮಾಡಲು, ಅಕ್ಕಪಕ್ಕದಲ್ಲಿ ವಾಸಿಸಲು, ಸ್ನೇಹ ಮುಂದುವರಿಸಲು ಸಿದ್ಧವಿದ್ದೀರಾ? "ಪೂರ್ತಿ ಒಪ್ಪುತ್ತೇನೆ" ಅನ್ನುವುದರಿಂದ "ಒಪ್ಪುವುದೇ ಇಲ್ಲ" ಅನ್ನುವವರೆಗೆ ಐದು ಚೌಕ ಮಾಡಿ 5ರಿಂದ 1 ಅಂಕ ಕೊಡಿ. ನಾಲ್ಕು ಪ್ರಶ್ನೆಗೆ ಒಟ್ಟು 4ರಿಂದ 20.

ಮೊದಲ ಭೇಟಿಯ ಶುರುವಿಗೆ ಒಮ್ಮೆ, ಮುಗಿದ ಕೂಡಲೇ ಒಮ್ಮೆ, ಮೂರು ತಿಂಗಳ ಮೇಲೆ ಇನ್ನೊಮ್ಮೆ. ಎರಡನೆಯದು ಯಾವಾಗಲೂ ಏರಿರುತ್ತದೆ, ಆ ಹೊತ್ತಿನ ಭಾವುಕತೆ ಅದು, ಅದನ್ನು ನೋಡಿ ಹಿಗ್ಗಬೇಡಿ. ಮೂರನೆಯದು ಮೊದಲನೆಯದಕ್ಕಿಂತ ಎಷ್ಟು ಮೇಲಿದೆ ಅನ್ನುವುದೇ ನಿಮ್ಮ ಫಲ. ಜೊತೆಗೆ ಒಂದು ಪ್ರಶ್ನೆ ಸೇರಿಸಿ: ಈ ಮೂರು ತಿಂಗಳಲ್ಲಿ ಯಾರಿಗಾದರೂ ಆ ಸಹಾಯದ ಹಾಳೆ ತೋರಿಸಿದ್ದೀರಾ ಅಥವಾ ನೀವೇ ಬಳಸಿದ್ದೀರಾ?

ಹೆಸರು ಬರೆಸಬೇಡಿ, ಹೆಸರಿದ್ದರೆ ಎಲ್ಲರೂ ಸಜ್ಜನರಾಗಿಬಿಡುತ್ತಾರೆ. ಆದರೆ ಮೂರೂ ಹಾಳೆ ಒಬ್ಬರದ್ದೇ ಅಂತ ಹೊಂದಿಸಲು ಗುರುತು ಬೇಕಲ್ಲ: ತಾಯಿಯ ಹೆಸರಿನ ಮೊದಲ ಅಕ್ಷರ, ತಾವು ಹುಟ್ಟಿದ ತಾರೀಕು, ಒಡಹುಟ್ಟಿದವರ ಸಂಖ್ಯೆ. "ಸ-17-3" ಅಂತ ಮೂಲೆಯಲ್ಲಿ ಬರೆಯಲಿ. ಹಾಳೆಗಳನ್ನು ಮುಚ್ಚಿದ ಡಬ್ಬಿಗೆ ಅವರೇ ಹಾಕಲಿ, ಸಮಿತಿಯವರು ಬಾಗಿಲಲ್ಲಿ ನಿಂತು ಕೈಯಿಂದ ಸಂಗ್ರಹಿಸಬೇಡಿ. ಓದು ಬಾರದವರಿಗೆ ಪ್ರಶ್ನೆ ಗಟ್ಟಿಯಾಗಿ ಓದಿ, ಐದು ಚೌಕದ ಬದಲು ಅಳುಮುಖದಿಂದ ನಗುಮುಖದವರೆಗೆ ಐದು ಚಿತ್ರ ಕೊಡಿ; ಓದುವವರು ಹಾಳೆಗೆ ಬೆನ್ನು ಮಾಡಿ ನಿಲ್ಲಲಿ.